ಹದಿನಾಲ್ಕನೆಯ ಕಿಟಕಿ

ನಮ್ಮೂರ ಅರಮನೆಯಲ್ಲಿ ಡಿಸೆಂಬರ್ ಒಂದರಿಂದ ಕ್ರಿಸ್‌ಮಸ್‌ವರೆಗೆ ದಿನಕ್ಕೊಂದು ಕಿಟಕಿ ತೆರೆದು, ಒಂದು ಮಗು ದೀಪ ಹಿಡಿದು ನಿಲ್ಲುತ್ತದೆ. ಕೆಳಗಿನ ಸಂತೆಯಲ್ಲಿ ನಾನು ಸಕ್ಕರೆ ಬಾದಾಮಿ ಹುರಿದು ಮಾರುತ್ತೇನೆ. ಹದಿನಾಲ್ಕನೆಯ ದಿನ ನನ್ನ ಮಗಳು ರೀಕೆಯ ಸರದಿ. ಪ್ರವಾಸಿಗರಿಗೆ ಅರಮನೆ ತೋರಿಸುವ ಟೋನಿಸ್ ಅವಳನ್ನು ಮೇಲೆ ಕರೆದೊಯ್ದರು.

ಸಂಜೆ ಐದಕ್ಕೆ ಕಿಟಕಿ ತೆರೆಯಿತು. ರೀಕೆ ಕೈ ಬೀಸಿದಳು.

"ಲೇ, ಮಗಳಿಗಿಂತ ಬಾದಾಮಿನೇ ಹೆಚ್ಚಾಯ್ತೇನೇ?" ಎಂದು ಪಕ್ಕದ ಅಂಗಡಿಯ ಆಲ್ಮುಟ್ ಛೇಡಿಸಿದಳು. ನಾನೂ ಬೀಸಿದೆ. ಎಲ್ಬೆ ನದಿಯ ಗಾಳಿಗೆ ಅಂಗಡಿಯ ಪರದೆ ಪಟಪಟಿಸುತ್ತಿತ್ತು. ಕಿಟಕಿಯಲ್ಲಿ ರೀಕೆಯ ದೀಪ ಮಾತ್ರ ಅಲುಗಲಿಲ್ಲ.

ಹಿಂದಿನಿಂದ ಪುಟ್ಟ ಕೈಯೊಂದು ನನ್ನ ಕೈ ಹಿಡಿಯಿತು. ಆ ಚಳಿಯಲ್ಲೂ ಅದು ಸುಡುತ್ತಿತ್ತು. ನೋಡಿದರೆ ರೀಕೆ.

"ನಡಿ ಅಮ್ಮ, ಮನೆಗೆ ಹೋಗೋಣ."

ಟೋನಿಸ್ ಏದುಸಿರು ಬಿಡುತ್ತ ಬಂದರು. "ಆ ಕಿಟಕಿ ಕೋಣೆ ಬೀಗ ತೆಗೆಯೋಕೇ ಆಗ್ಲಿಲ್ಲ ಕಣಮ್ಮ. ತಿರುಗಿ ನೋಡಿದ್ರೆ ಮಗೂನೇ ಇಲ್ಲ. ಸದ್ಯ, ಇಲ್ಲಿದ್ದಾಳಲ್ಲ!"

ಮೇಲಿದ್ದವಳು ಕೈ ಬೀಸುವುದನ್ನು ನಿಲ್ಲಿಸಿ "ಅಮ್ಮಾ, ಅಮ್ಮಾ" ಎಂದು ಕೂಗತೊಡಗಿದಳು.

ಆಮೇಲೆ ಬೀಗ ಒಡೆದು ನೋಡಿದರು. ಕೋಣೆ ಖಾಲಿಯಿತ್ತು.

ನನ್ನ ಕೈ ಹಿಡಿದವಳನ್ನು ಮನೆಗೆ ಕರೆತಂದೆ. ಇವತ್ತಿಗೆ ಆರು ದಿನ. ಅವಳಿಗೊಂದು ಮುತ್ತು ಕೊಡಲು ಇನ್ನೂ ನನ್ನಿಂದಾಗಿಲ್ಲ.