ಮೀಸೆಗೊಂದು ಕ್ಲಚ್ ಪ್ಲೇಟು

ಜ್ಯಾಕ್ ರಾಡು ನನ್ನ ಕುತ್ತಿಗೆಗೆ ತಾಗಿತ್ತು. ತಣ್ಣಗಿತ್ತು.

“ಸಾದಾ ಪ್ಲೇಟ್ ತಗೊಂಡು ಸುಮ್ನ ಹೋಗಲೇ!”

ದನಿ ಮಸಗುಪ್ಪಿಯ ಕಲ್ಲಪ್ಪನದು. ಅವನ ಜೋಡೆತ್ತು ಎಳೆಯದ ಕಲ್ಲಿಲ್ಲ ಎಂಬ ಮಾತು ಮೂರು ತಾಲೂಕಿನಲ್ಲೂ ಇತ್ತು.

ನಾನು ತಿರುಗಲಿಲ್ಲ. ಬೀಡಿ ಹಚ್ಚಿದೆ... ಮೂರು ಕಡ್ಡಿ ಬೇಕಾದವು. ಯಾರಿಗೂ ಹೇಳಬೇಡಿ.

ಗೋಕಾಕದ ಮುರಿಗೆಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿ. ೧೯೯೮. ಬೆಳಿಗ್ಗೆ ಹತ್ತು ಗಂಟೆ. ಸಂಜೆ ಐದಕ್ಕೆ ಮೂಡಲಗಿ ಹೊರಗಿನ ಏರಿನಲ್ಲಿ ಕಲ್ಲು ಎಳೆಯುವ ಪಂದ್ಯ. ಒಂದು ಕಡೆ ಕಲ್ಲಪ್ಪನ ಎತ್ತು. ಇನ್ನೊಂದು ಕಡೆ ಮೂಡಲಗಿಯ ಬಾಬಾಸಾಹೇಬನ ಪಿಕಪ್ಪು. ಜೀಪಿನ ಮೈಗೆ ಲಾರಿ ಎಂಜಿನ್ ಕೂರಿಸಿದ್ದ ಪುಣ್ಯಾತ್ಮ! ಕ್ಲಚ್ ಮಾತ್ರ ಹಳೆಯದು. ಎಂಜಿನ್ ಎಷ್ಟು ಅಬ್ಬರಿಸಿದರೂ ಬಲ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ.

ಸೋತವನ ಮೀಸೆ ಬೋಳಿಸಬೇಕು. ಬಾಬಾಸಾಹೇಬನಿಗೆ ಮೀಸೆಯೇ ಇರಲಿಲ್ಲ. ಅದಕ್ಕೆ ಗಾಡಿ ಓಡಿಸಲು ಒಪ್ಪಿದ ನನ್ನ ಮೀಸೆಯನ್ನು ಪಣಕ್ಕಿಟ್ಟಿದ್ದ!

ನನ್ನನ್ನು ಕೇಳದೆ.

ನಾನು ಜನರ ತಂಟೆ-ತಕರಾರು ಬಿಡಿಸಿ ಬದುಕುವವನು. ಪಿಸ್ತೂಲಿಲ್ಲ. ಲೈಸೆನ್ಸಿಲ್ಲ. ಬಾಗಿಲಲ್ಲಿ ನಿಂತು ಮೀಸೆ ತಿರುವಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಅದು ಹೋದರೆ ನಾನೂ ಹೋದೆ.

“ಮುರಿಗೆಪ್ಪ, ಏನೇನ್ ಅದಾವ?”

“ಮೂರು ನಮೂನಿ ಅದಾವ್ರಿ.” ಅವನು ರಾಡಿನ ಕಡೆ ನೋಡಲೇ ಇಲ್ಲ. “ಇದು ಸಾದಾ. ಭಾರ ಬಿದ್ರ ಜಾರತೈತಿ. ಇದು ತಾಮ್ರದ ಬಟನಿಂದು. ಧಡಕ್ಕನ ಹಿಡಿತೈತಿ, ಆಕ್ಸಲ್ ಮುರಿದ್ರ ನನ್ನ ಕೇಳಬ್ಯಾಡ್ರಿ. ಇದು ಗಟ್ಟಿ ಸ್ಪ್ರಿಂಗಿಂದು. ಮೆತ್ತಗ ಹಿಡಿತೈತಿ, ಹಿಡಿದ್ರ ಬಿಡೂದಿಲ್ಲ. ಖರೆ... ಪೆಡಲ್ ಒತ್ತಾಕ ಪೈಲ್ವಾನನ ಕಾಲು ಬೇಕ್ರಿ.”

ಕಲ್ಲು ಕಟ್ಟಿಕೊಂಡು ಧಡಕ್ಕನೆ ಜಗ್ಗಿದರೆ ಸರಪಳಿಯೇ ಹರಿಯುತ್ತದೆ. ಯೋಚಿಸುವುದೇನಿತ್ತು?

“ಗಟ್ಟಿ ಸ್ಪ್ರಿಂಗಿಂದು!” ಅಂದವನೇ ಅದನ್ನು ಎದೆಗವಚಿಕೊಂಡು ರಾಡಿನ ಕೆಳಗಿಂದ ನುಸುಳಿ ಓಡಿದೆ.

ಪಿಕಪ್ಪು ಹತ್ತಿದೆ. ಆಕ್ಸಿಲರೇಟರ್ ತುಳಿದೆ. ಪೇಟೆಯೇ ತಿರುಗಿ ನೋಡುವಂತೆ ಎಂಜಿನ್ ಅಬ್ಬರಿಸಿತು. ಗಾಡಿ ಮಾತ್ರ ಮದುವೆ ಮೆರವಣಿಗೆಯ ಹಾಗೆ ಹೊರಟಿತು!

ಹಿಂದೆ ಲೂನಾ ಮೇಲೆ ಕಲ್ಲಪ್ಪ. ಕಿಟಕಿಯ ಪಕ್ಕಕ್ಕೇ ಬಂದ.

“ನಿಂದರಸಲೇ ಗಾಡಿ!”

“ನಿಂದರಸೂದಿಲ್ಲ!”

“ಹಂಗಾರ ಜೋರ ಹೊಡಿ!”

“ಓಡವಲ್ತು!”

ಹತ್ತು ಕಿಲೋಮೀಟರ್ ಹೀಗೇ ಜೊತೆಯಲ್ಲಿ ಹೋದೆವು. ನಡುವೆ ಬೀಡಿಗೆ ಬೆಂಕಿ ಕೇಳಿದ. ಕೊಟ್ಟೆ. ಆಮೇಲೆ ಅವನ ಪೆಟ್ರೋಲ್ ಮುಗಿಯಿತು... ಬದುಕಿದೆ!

ಮೂಡಲಗಿಯಲ್ಲಿ ಬಾಬಾಸಾಹೇಬನ ತಾಯಿ ತಾರಾಬಾಯಿ ಬಾಗಿಲಲ್ಲೇ ನಿಂತಿದ್ದರು.

“ಆಯೀ, ಇದನ್ನ ಯಾರೂ ಮುಟ್ಟಬಾರದ್ರಿ!”

“ದೇವರ ಖೋಲಿಯಾಗ ಇಡಪಾ. ನನ್ನ ಬಿಟ್ರ ಅಲ್ಲಿ ಯಾರೂ ಹೋಗೂದಿಲ್ಲ.”

ಇಟ್ಟೆ. ಊಟ ಮುಗಿಯುವ ತನಕ ಆ ಬಾಗಿಲನ್ನೇ ಕಾಯುತ್ತ ಕೂತೆ. ಮಜ್ಜಿಗೆಯನ್ನೂ ಮೂಸಿ ಕುಡಿದೆ. ಮೆಕ್ಯಾನಿಕ್‌ನನ್ನೂ ನಂಬದೆ ನಾನೇ ಗೇರ್‌ಬಾಕ್ಸ್ ಇಳಿಸಿದೆ. ಪ್ಲೇಟಿನ ಅಂಚಿಗೆ ಕುಂಕುಮವಿತ್ತು. ಒಳ್ಳೆಯ ಶಕುನ! ಕೈ ಮುಗಿದು ಕೂರಿಸಿದೆ.

ಐದು ಗಂಟೆ. ಹುಕ್ಕೇರಿಯಿಂದಲೂ ಜನ ಬಂದಿದ್ದರು. ಖಾಲಿ ಗಾಡಿ ಏರಿನ ಬುಡದವರೆಗೆ ಹೇಗೋ ಬಂದಿತ್ತು. ಕಲ್ಲು ಕಟ್ಟಿದರು. ಸೀಟಿ ಊದಿದರು.

ಎರಡೂ ಕಾಲಿನಿಂದ ಪೆಡಲ್ ಒತ್ತಿದೆ. ಗೇರ್ ಹಾಕಿದೆ. ಮೆಲ್ಲಗೆ ಬಿಟ್ಟೆ.

ಎಂಜಿನ್ ಕೂಗಿತು... ಹೊಗೆ ಎದ್ದಿತು... ಗಾಡಿ ಅಲ್ಲಾಡಲಿಲ್ಲ!

ಮೂಗಿಗೆ ವಾಸನೆ ಬಡಿಯಿತು. ಒಗ್ಗರಣೆಯ ವಾಸನೆ! ಶೇಂಗಾ ಎಣ್ಣೆ!

ಕಲ್ಲಪ್ಪನ ಎತ್ತುಗಳು ಅವಸರವಿಲ್ಲದೆ ಕಲ್ಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಏರು ಹತ್ತಿದವು. ಅವುಗಳಲ್ಲೊಂದು ನನ್ನ ಕಡೆ ನೋಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಇಳಿದು ನೇರ ತಾರಾಬಾಯಿಯವರ ಮುಂದೆ ನಿಂತೆ.

“ಆಯೀ... ಪ್ಲೇಟಿಗೆ ಏನ್ ಮಾಡಿದ್ರಿ?”

“ಏನ್ ಮಾಡೂದಪಾ? ಹೊಸಾ ಕಬ್ಬಣ ಮನಿಗೆ ಬಂದ್ರ ಎಣ್ಣಿ ಹಚ್ಚಿ ಕುಂಕುಮ ಇಡೂದು. ಕುಡಗೋಲಿಗೂ ಹಚ್ಚತೇವಿ, ನೇಗಲಿಗೂ ಹಚ್ಚತೇವಿ. ಇದಕ್ಕ ನಾಕ್ ಹನಿ ಜಾಸ್ತಿನ ಹಚ್ಚೇನಿ. ನಿನ್ನ ಮೀಸಿ ಉಳೀಲಿ ಅಂತ!”

ವೈರಿಯ ಮೇಲೆ ಕಣ್ಣಿಟ್ಟೆ, ಮೆಕ್ಯಾನಿಕ್‌ನ ಮೇಲೆ ಕಣ್ಣಿಟ್ಟೆ. ಆಯಿಯ ಅಂತಃಕರಣದ ಮೇಲೆ ಕಣ್ಣಿಡಲಿಲ್ಲ! ಆ ಮುಖ ನೋಡಿದರೆ ಸಿಟ್ಟೂ ಬರಲಿಲ್ಲ. ಅಳು ಬಂತು.

ಕಲ್ಲಪ್ಪ ಕಿಸೆಯಿಂದ ಕ್ಷೌರದ ಕತ್ತಿ ತೆಗೆದ. ಫಳಫಳ ಹೊಳೆಯಿತು.

“ಹೊಸಾದೈತಿ ನೋಡ. ನಿನ್ನ ಸಲುವಾಗೇ ತಂದೇನಿ!”

ಹಿಂದಿನಿಂದ ಇಬ್ಬರು ನನ್ನ ಭುಜ ಹಿಡಿದರು. ಕತ್ತಿ ಮೂಗಿನ ಕೆಳಗೆ ಬಂತು.

“ಏ, ತಡೀರಿ!” ತಾರಾಬಾಯಿ ಕೂಗಿದರು.

ಹೋದ ಜೀವ ಬಂತು. ಆಯಿ ಕಾಪಾಡಿದರು!

ಅವರು ಮುಂದೆ ಬಂದರು. ಕಲ್ಲಪ್ಪನ ಕೈಯಿಂದ ಕತ್ತಿ ಇಸಿದುಕೊಂಡರು. ಪೂಜೆಯ ಬುಟ್ಟಿಯಿಂದ ಎಣ್ಣೆಯ ಬಟ್ಟಲು ತೆಗೆದರು.

“ಹೊಸಾ ಕಬ್ಬಣ ಹಂಗ ಹಚ್ಚಬಾರದಪಾ...”

ಎಣ್ಣೆ ಹಚ್ಚಿದ ಕ್ಲಚ್ಚು ಜಾರಿತ್ತು. ಎಣ್ಣೆ ಹಚ್ಚಿದ ಕತ್ತಿ ಮಾತ್ರ ಒಂದು ಕೂದಲನ್ನೂ ಬಿಡಲಿಲ್ಲ!