ಒತ್ತಾಸೆ ಯಂತ್ರ

ಇಂಪನಾ ಕರವಸ್ತ್ರದ ಮೂಲೆಗಳಿಗೆ ದಾರ ಕಟ್ಟಿ, ಅದಕ್ಕೊಂದು ಇಟ್ಟಿಗೆ ತೂಗುಹಾಕಿ, ತರಗತಿಯ ಬೆಂಚಿನ ಮೇಲೆ ನಿಂತು ಕೈಬಿಟ್ಟಳು. ಇಟ್ಟಿಗೆ ಹತ್ತಿಯ ಹಾಗೆ ತೇಲುತ್ತ ನೆಲ ಮುಟ್ಟಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಅಷ್ಟಗಲದ ಬಟ್ಟೆ ಇಟ್ಟಿಗೆಯನ್ನು ತಡೆಯುವುದುಂಟೇ? ತಡೆದದ್ದು ಚಾವಣಿಯಲ್ಲಿ ಅಡಗಿದ್ದ ಒತ್ತಾಸೆ ಯಂತ್ರ. ಮಕ್ಕಳು ಮನೆಯಲ್ಲಿ ಮಾಡಿ ತಂದ ಪ್ರಯೋಗ ಕೈಕೊಡುವ ಸೂಚನೆ ಕಂಡೊಡನೆ ಅದು ಕಣ್ಣಿಗೆ ಕಾಣದ ಬಲಕ್ಷೇತ್ರ ಬೀರಿ, ಬೇಕಾದಷ್ಟೇ ಎತ್ತುತ್ತಿತ್ತು, ತಳ್ಳುತ್ತಿತ್ತು. ಸೋತ ಮಗು ವಿಜ್ಞಾನದ ಸಹವಾಸವನ್ನೇ ಬಿಡುತ್ತದೆ ಎಂಬುದು ಶಾಲೆಗಾಗಿ ಅದನ್ನು ಕಟ್ಟಿದ ವಿಜ್ಞಾನಿ ಡಾ. ವಸುಪಾಲರ ನಂಬಿಕೆ. ಯಂತ್ರದ ಗುಟ್ಟು ಮಕ್ಕಳಿಗೆ ತಿಳಿಯಕೂಡದೆಂದು ಅವರದೇ ಕಟ್ಟಪ್ಪಣೆ. ಮನುಷ್ಯ ಒಳ್ಳೆಯವರೇ, ಹಟ ಮಾತ್ರ ಜಾಸ್ತಿ.

"ಸರ್, ಇಟ್ಟಿಗೆಗೆ ಅಷ್ಟು ಬಟ್ಟೆ ಸಾಲದು ಅಂತ ಅವಳಿಗೆ ಹೇಳಬೇಕಿತ್ತಲ್ವಾ?" ಎಂದರು ತರಗತಿಯ ಟೀಚರ್ ಫಿಲೋಮಿನಾ.

"ಮೊದಲು ಗೆದ್ದ ಖುಷಿ ಬರಲಿ ಮೇಡಂ. ಲೆಕ್ಕಾಚಾರ ಆಮೇಲೆ ತಾನಾಗೇ ಬರುತ್ತೆ."

ಮರುದಿನ ಭಾನುವಾರ. ಫಿಲೋಮಿನಾ ಫೋನ್ ಮಾಡಿದರು. "ಸರ್, ಇಂಪನಾ ಬೆಡ್‌ಶೀಟಿಗೆ ಹಗ್ಗ ಕಟ್ಕೊಂಡು ಮನೆ ತಾರಸಿಯಿಂದ ಹಾರ್ತಾಳಂತೆ! ಅವಳ ಗೆಳತಿ ಈಗ ಹೇಳಿದ್ಲು. ಮನೇಲಿ ಯಾರೂ ಫೋನ್ ಎತ್ತುತ್ತಿಲ್ಲ. ನಿಮ್ಮ ಪಕ್ಕದ ಬೀದಿನೇ, ಓಡಿ ಸರ್!"

ವಸುಪಾಲರು ಬರಿಗಾಲಲ್ಲೇ ಓಡಿದರು. ಮೂರಂತಸ್ತಿನ ಮನೆ, ಅಷ್ಟು ತೂಕದ ಮಗು, ಒಂದು ಬೆಡ್‌ಶೀಟ್. ಬೇಡವೆಂದರೂ ತಲೆ ಲೆಕ್ಕ ಹಾಕುತ್ತಿತ್ತು. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು.

ಮನೆಯ ಮುಂದೆ ಕಾಂಕ್ರೀಟಿನ ಮೇಲೆ ಬೆಡ್‌ಶೀಟ್ ಮುದುಡಿ ಬಿದ್ದಿತ್ತು. ಅದರಡಿಯಿಂದ ಕೆಂಪು ನೀರು ಹರಿದು ಬರುತ್ತಿತ್ತು.

ಅವರು ಕಣ್ಣು ಮುಚ್ಚಿಕೊಂಡು ಬಟ್ಟೆ ಎಳೆದರು. ಕಣ್ಣು ಬಿಟ್ಟರೆ, ಚೂರುಚೂರಾದ ಬೂದುಗುಂಬಳಕಾಯಿ! ಒಳಗೆಲ್ಲ ಕುಂಕುಮ.

ಮೇಲಿನಿಂದ ಬಿಕ್ಕುವ ಸದ್ದು ಕೇಳಿಸಿತು. ಮಗುವಿನ ಅಳು ಅಷ್ಟು ಸಿಹಿಯಾಗಿ ಅವರಿಗೆ ಎಂದೂ ಕೇಳಿಸಿರಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಅವಳನ್ನು ಬಾಚಿ ತಬ್ಬಿಕೊಂಡರು.

"ಕುಂಬಳಕಾಯಿ ಯಾಕಮ್ಮ?"

"ಅಪ್ಪ ಹೊಸ ಗಾಡಿ ತಂದಾಗ ಮೊದಲು ಕುಂಬಳಕಾಯಿ ಒಡೆದು, ಆಮೇಲಲ್ವಾ ನಾವು ಹತ್ತಿದ್ದು? ಅದಕ್ಕೇ ಮೊದಲು ಅದನ್ನ ಕಳಿಸ್ದೆ." ಅವಳು ಕಣ್ಣೊರೆಸಿಕೊಂಡಳು. "ಶಾಲೇಲಿ ಚಿಕ್ಕ ಬಟ್ಟೆ ಇಟ್ಟಿಗೇನೇ ತಡೀತು. ಇಲ್ಲಿ ಇಷ್ಟು ದೊಡ್ಡ ಬಟ್ಟೆ ಕಟ್ಟಿದ್ರೂ ಒಡೆದುಹೋಯ್ತು. ಯಾಕೆ ಸರ್?"

ವಸುಪಾಲರು ಬೆಚ್ಚಿದರು. ಯಂತ್ರ ಕೂರಿಸಿದಂದಿನಿಂದ ಆ ಶಾಲೆಯಲ್ಲಿ ಯಾವ ಮಗುವೂ 'ಯಾಕೆ' ಎಂದು ಕೇಳಿರಲಿಲ್ಲ.

"ಹೇಳಿ ಸರ್. ಅಲ್ಲಿದ್ದು ಇಲ್ಲಿ ಇಲ್ಲದ್ದು ಏನು?"

"ಅಲ್ಲಿ ನಾನು ಸುಳ್ಳು ಹೇಳ್ತಿದ್ದೆ ಕಂದ," ಎಂದರು ಅವರು.