ಹೊಗೆಗನ್ನಡಿ ತೋರಿಸಿದ್ದು

ಇನ್ನೂ ಒಂದು ಬಾಣವೂ ಹಾರಿರಲಿಲ್ಲ. ಆದರೂ ಹಿರೇಸಾಗರದ ಕೆರೆಯ ಮೇಲೆ ಹೊಗೆ ಎದ್ದಿತು. ನಸುನೀಲಿ ಬೆಳಕಿನ ಆ ಹೊಗೆ ದಡದ ಹುಣಸೆಮರಗಳನ್ನು ದಾಟಿ, ಊರಿನ ತಗ್ಗಿಗೆ ಇಳಿದು, ಅಲ್ಲೇ ನಿಂತುಬಿಟ್ಟಿತು. ಅದಕ್ಕೆ ವಾಸನೆಯಿರಲಿಲ್ಲ. ಅದು ನಾಳೆ ರಾತ್ರಿಯ ಹೊಗೆ.

ಡಾ. ಚಂಪಾವತಿ ಹಂಪಣ್ಣವರ ರೂಪಿಸಿದ ಈ ಯಂತ್ರವನ್ನು ಜನ ಹೊಗೆಗನ್ನಡಿ ಎನ್ನುತ್ತಿದ್ದರು. ಮಿಡತೆಯಷ್ಟು ಚಿಕ್ಕ ಹಾರುವ ಮಾಪಕಗಳು ಓಣಿ ಓಣಿ ಸುತ್ತಿ ಗಾಳಿಯ ವೇಗ, ತೇವ, ಶಾಖವನ್ನು ಅಳೆದು ತರುತ್ತಿದ್ದವು. ಅದರ ಜೊತೆ ಬಾಣಗಳ ಮದ್ದಿನ ವಿವರ ಕೊಟ್ಟರೆ, ಮುಂದೆ ಏಳಲಿರುವ ಹೊಗೆಯ ದಾರಿಯನ್ನು ಯಂತ್ರ ಬೆಳಕಿನಲ್ಲಿ ಬಿಡಿಸಿ ತೋರಿಸುತ್ತಿತ್ತು. ೨೦೬೦ರ ಹೊತ್ತಿಗೆ ಈ ಪರೀಕ್ಷೆಯಿಲ್ಲದೆ ಸಾರ್ವಜನಿಕ ಬಾಣಬಿರುಸಿಗೆ ಅನುಮತಿ ಸಿಗುತ್ತಿರಲಿಲ್ಲ.

ಪುರಸಭೆಯ ಶತಮಾನೋತ್ಸವಕ್ಕೆ ಬಾಣ ಹಾರಿಸಬೇಕಿದ್ದವರು ಹಜರತಸಾಬ ಬಾರೂದಗಾರ. ಎಪ್ಪತ್ತು ದಾಟಿತ್ತು, ಇದೇ ಕಡೆಯ ಪ್ರದರ್ಶನ ಎಂದು ಮನೆಯಲ್ಲಿ ಹೇಳಿ ಬಂದಿದ್ದರು.

“ಕೆರಿ ಮ್ಯಾಗಿಂದು ಅಲ್ಲೇ ಕರಗತೈತಿ ಅಂತ ತಿಳಿದಿದ್ನಿರಿ ಬಾಯಾರ,” ಎಂದು ಯಂತ್ರದ ಬಳಿ ನಿಂತಿದ್ದ ಚಂಪಾವತಿಗೆ ಹೇಳಿದರು.

“ರಾತ್ರಿ ತಣ್ಣನ ಗಾಳಿ ತಗ್ಗಿನ್ಯಾಗ ಕುಂದ್ರತೈತಿ ಸಾಹೇಬ್ರ. ಅದರ ಮ್ಯಾಲೆ ಬೆಚ್ಚನ ಗಾಳಿ ಮುಚ್ಚಳ ಹಾಕಿದಂಗ ಇರತೈತಿ. ಒಳಗ ಹೋದ ಹೊಗಿ ಮುಂಜಾನಿ ತನಕ ಹೊರಗ ಬರೂದಿಲ್ಲ.”

ತಗ್ಗಿನಲ್ಲಿದ್ದದ್ದು ನೇಕಾರರ ಓಣಿ. ಇಡೀ ಊರಿನ ಸರಾಸರಿ ತೆಗೆದರೆ ಹೊಗೆ ಮಿತಿಯೊಳಗೇ ಇತ್ತು, ಕಾನೂನು ಕೇಳುತ್ತಿದ್ದದ್ದೂ ಸರಾಸರಿಯನ್ನೇ. ಚಂಪಾವತಿ ಅನುಮತಿಗೆ ಸಹಿ ಹಾಕಿದ್ದರೆ ತಪ್ಪೆನ್ನುವವರಿರಲಿಲ್ಲ. ಆದರೆ ನೋಡಲು ಬಂದ ಓಣಿಯ ಬನಶಂಕರೆವ್ವ ಪಕ್ಕದಲ್ಲೇ ನಿಂತಿದ್ದಳು.

“ನನ್ನ ಮೊಮ್ಮಗಳಿಗೆ ದಮ್ಮಿನ ಬ್ಯಾನಿರಿ,” ಎಂದಳು. “ಆಕಿಗೆ ಬಾಣ ನೋಡೂ ಹುಚ್ಚು ಬ್ಯಾರೆ. ನಿಲ್ಲಸ್ರಿ ಅನ್ನಾಕೂ ನನಗ ಬಾಯಿ ಬರವಲ್ದು.”

ಹಜರತಸಾಬ ತಗ್ಗಿನಲ್ಲಿ ನಿಂತ ನೀಲಿ ಹೊಗೆಯತ್ತ ನೋಡಿದರು. ಆಮೇಲೆ, “ಸಂಜಿ ಗಾಳಿ ಇರೂದ್ರಾಗ ಹಾರಿಸಿದ್ರ?” ಎಂದು ಕೇಳಿದರು.

“ಹೊಗಿ ಮ್ಯಾಲೆ ಹೋಗತೈತಿ. ಆದ್ರ ಬೆಳಕಿನ್ಯಾಗ ನಿಮ್ಮ ಬಣ್ಣ?”

“ಬಣ್ಣ ಸಾಯ್ತಾವ. ಸಾಯಲಿ ಬಿಡ್ರಿ.” ಎದೆಗೆ ಕೆಟ್ಟದ್ದಾದ ಬೇರಿಯಂ ಲವಣದ ಹಸಿರು ಬಾಣಗಳನ್ನೂ ಅವರೇ ಪಕ್ಕಕ್ಕೆ ಎತ್ತಿಟ್ಟರು.

ಮರುದಿನ ಮುಸ್ಸಂಜೆಯಲ್ಲಿ ಬಾಣಗಳು ಹಾರಿದವು. ಮಬ್ಬು ಬೆಳಕಿನಲ್ಲಿ ಕೆಂಪು ಬಣ್ಣ ತೆಳು ಗುಲಾಬಿಯಾಗಿ ಕಂಡಿತು, ನೀಲಿ ಕಾಣಲೇ ಇಲ್ಲ. ಸಪ್ಪಗಿತ್ತು ಎಂದು ಜನ ಗೊಣಗುತ್ತ ಮನೆಗೆ ಹೋದರು. ಬನಶಂಕರೆವ್ವನ ಮೊಮ್ಮಗಳು ಮಾತ್ರ ಮಾಳಿಗೆಯ ಮೇಲೆ ನಿಂತು ಕಡೆಯ ಬಾಣದವರೆಗೂ ನೋಡಿದಳು.

ಸಾಮಾನು ಕಟ್ಟುತ್ತಿದ್ದ ಹಜರತಸಾಬರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನನ್ನ ಅರ್ಧಾ ತಾಸಿನ ಹೊಗಿಗೆ ಇಷ್ಟು ಕಾನೂನ ಐತಿ. ದಿನಾ ಏಳೂ ಹೊಗಿಗೆ ನಿಮ್ಮ ಕನ್ನಡಿ ಯಾಕ ಹಿಡ್ಯೂದಿಲ್ರಿ?”

“ಬಾಣಬಿರುಸಿಗಷ್ಟ ಬಳಸಬೇಕಂತ ಕಾಯ್ದೆ ಐತಿ.”

“ಕನ್ನಡೀಗೂ ಅದು ಗೊತ್ತೈತೇನ್ರಿ?”

ಚಂಪಾವತಿ ಮುಂದಿನ ಮಂಗಳವಾರ ಬೆಳಿಗ್ಗೆ, ಯಾರ ಅಪ್ಪಣೆಯನ್ನೂ ಕೇಳದೆ, ಯಂತ್ರವನ್ನು ಓಣಿಯ ಬಾಯಿಗೆ ತಂದು, ಮದ್ದಿನ ಬದಲು ಸುತ್ತಲಿನ ದಿನನಿತ್ಯದ ಹೊಗೆಯ ವಿವರ ಕೊಟ್ಟು ಚಾಲೂ ಮಾಡಿದರು. ಹೆದ್ದಾರಿಯ ಲಾರಿಗಳಿಂದ, ಇಟ್ಟಿಗೆ ಭಟ್ಟಿಗಳಿಂದ, ಒಳಗೊಳಗೇ ಉರಿಯುತ್ತಿದ್ದ ಕಸದ ಗುಡ್ಡದಿಂದ ನೀಲಿ ಬೆಳಕು ಎದ್ದು ಹರಿದು ಬಂತು. ಬಾಣಬಿರುಸಿಗೆ ತೋರಿಸಿದ್ದಕ್ಕಿಂತ ದಟ್ಟವಾಗಿ ಬಂದು, ಬಾಗಿಲು ಬಾಗಿಲಲ್ಲೂ ನಿಂತಿತು. ಮಗ್ಗಗಳು ನಿಂತವು. ಜನ ಹೊರಗೆ ಬಂದರು.

“ಇದು ಯಾವ ಹಬ್ಬದ್ರಿ?” ಬನಶಂಕರೆವ್ವ ಕೇಳಿದಳು.

“ಹಬ್ಬ ಏನಿಲ್ಲ ಅವ್ವಾ. ಇವತ್ತಿಂದು.”

ಓಣಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮಧ್ಯಾಹ್ನ ಯಂತ್ರ ನಿಲ್ಲಿಸುವಂತೆ ಮೇಲಿನಿಂದ ಆದೇಶ ಬಂತು. ಚಂಪಾವತಿ ಯಂತ್ರ ಆರಿಸಿದರು. ನೀಲಿ ಬೆಳಕು ಮಾಯವಾಗಿ, ಬಿಸಿಲಲ್ಲಿ ಓಣಿ ಎಂದಿನಂತೆ ಚೊಕ್ಕವಾಗಿ ಕಂಡಿತು.

ಮುಚ್ಚಿದ ಕಿಟಕಿಗಳನ್ನು ಮಾತ್ರ ಯಾರೂ ತೆರೆಯಲಿಲ್ಲ.